ಪ್ರಯೋಗಗಳ ಕಿರ್ದಿ, ಉತ್ತರಗಳ ಬಾಕಿ

ರೋಗವೊಂದಕ್ಕೆ ಮದ್ದು ತಿಳಿಯದಿರುವಾಗಲೇ ಮದ್ದುಗಳ ಸಂಖ್ಯೆ ಬೆಳೆಯುವುದು ಲೋಕದ ಹಳೆಯ ಅನುಭವ. ನಿಶ್ಚಿತವಾದ ಒಂದು ಔಷಧಿ ದೊರೆತ ದಿನ ಉಳಿದ ನೂರು ಔಷಧಿಗಳು ಅಟ್ಟ ಸೇರುತ್ತವೆ. ಅದು ದೊರೆಯುವ ತನಕ ನೂರೂ ಚಲಾವಣೆಯಲ್ಲಿರುತ್ತವೆ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ರೋಗವನ್ನು ಜಗದ್ವ್ಯಾಪಿಯಾದ ಮಹಾಮಾರಿಯೆಂದು ಸಾರಿದಾಗ ಅದಕ್ಕೆಂದೇ ಪರೀಕ್ಷಿತವಾದ ಒಂದು ಮದ್ದೂ ಮನುಷ್ಯನ ಕೈಯಲ್ಲಿರಲಿಲ್ಲ. ಆದುದರಿಂದ ಮಲೇರಿಯಾದ ಮಾತ್ರೆ, ಎಚ್.ಐ.ವಿ.ಯ ಮಾತ್ರೆ, ಜಂತುಹುಳುವಿನ ಮಾತ್ರೆ, ಸಂಧಿವಾತದ ಚುಚ್ಚುಮದ್ದು, ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾ, ಕಷಾಯ, ಚೂರ್ಣ, ಹಬೆ, ಹೀಗೆ ಮನೆಯೊಳಗಿದ್ದುದೆಲ್ಲವೂ ಅಂಗಳಕ್ಕೆ ಬಂದಿತು.

ಇಷ್ಟರ ಮಟ್ಟಿಗೆ 2020ನೆಯ ಇಸವಿಯು 1898ರ ಪ್ಲೇಗಿನ ಬೆಂಗಳೂರಿಗಿಂತಲೂ 1918ರ ಇನ್‌ಫ್ಲುಯೆಂಜಾದ ಕಾಲಕ್ಕಿಂತಲೂ ಬಹಳ ಬೇರೆಯೆಂದು ಹೇಳಲಾಗದು. ಬೇರೆಯಾದುದು ಒಂದು ಸಂಗತಿಯಲ್ಲಿ. ಈ ಸಾರಿ ಯಾವ ಮದ್ದನ್ನು, ಯಾರು, ಎಲ್ಲಿ, ಎಷ್ಟು ಮಂದಿ ರೋಗಿಗಳಲ್ಲಿ ಪರೀಕ್ಷಿಸಲು ಹೊರಟರೆಂಬುದು ಸಾರ್ವಜನಿಕ ರಿಜಿಸ್ಟರುಗಳಲ್ಲಿ ಬರೆಹವಾಗಿ ಉಳಿದಿದೆ. ಅದನ್ನು ಓದಲು ವೈದ್ಯನೇ ಆಗಬೇಕೆಂದಿಲ್ಲ. ಕಾಲೇಜಿನ ವಿದ್ಯಾರ್ಥಿಯೂ ಮನೆಯಲ್ಲಿ ಕುಳಿತು ಓದಬಹುದು. 2023ರ ಮೇ 5ರಂದು ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂಬ ಪ್ರಕಟಣೆಯೂ ಬಂದುಹೋಯಿತು. ದೀಪಾವಳಿಯ ಹೊತ್ತಿಗೆ ವರ್ತಕನು ಕಿರ್ದಿಯನ್ನು ತಿರುವಿ ಬರಬೇಕಾದ ಬಾಕಿಯನ್ನು ನೋಡುವಂತೆ ಈ ರಿಜಿಸ್ಟರುಗಳನ್ನು ನಾವೂ ಒಮ್ಮೆ ತಿರುವಿ ನೋಡುವುದು ಉಚಿತ. ನೋಡಿದವರಿಗೆ ತೋರುವ ಸಂಗತಿ ಇದು: ಪ್ರಶ್ನೆಗಳನ್ನು ಕೇಳಿದವರು ಸಾವಿರಾರು ಮಂದಿ, ಉತ್ತರ ಬರುವಂತೆ ಕೇಳಿದವರು ಕೆಲವರು ಮಾತ್ರ.

ಕಿರ್ದಿ ಹುಟ್ಟಿದ ಬಗೆ

ಔಷಧಿಯೊಂದು ಗುಣ ಮಾಡಿತೆಂದು ಹೇಳುವುದು ಸುಲಭ. ಔಷಧಿಯಿಂದಲೇ ಗುಣವಾಯಿತೆಂದು ತೋರಿಸುವುದು ಕಷ್ಟ. ರೋಗ ತಾನಾಗಿಯೇ ಇಳಿದಿರಬಹುದು. ವೈದ್ಯನು ತನಗೆ ತಿಳಿಯದಂತೆಯೇ ಗಟ್ಟಿಮುಟ್ಟಾದವರನ್ನು ಆರಿಸಿ ಅವರಿಗೇ ಮದ್ದು ಕೊಟ್ಟಿರಬಹುದು. ಈ ಗೊಂದಲವನ್ನು ಕಳೆಯುವ ಉಪಾಯವನ್ನು ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ನಿನಲ್ಲಿ ಕ್ಷಯರೋಗದ ಮೇಲೆ ನಡೆದ ಸ್ಟ್ರೆಪ್ಟೊಮೈಸಿನ್ ಪ್ರಯೋಗವು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಅದರ ಹಿಂದಿದ್ದ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ತಾನೇ ಯೌವನದಲ್ಲಿ ಕ್ಷಯದಿಂದ ನರಳಿದವನು. ಔಷಧಿ ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕೆಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ, ಚೀಟಿಯೆತ್ತಿದಂತೆ ಮುಚ್ಚಿದ ಲಕೋಟೆಗಳಿಂದ ನಿರ್ಧರಿಸಲಾಯಿತು. 107 ರೋಗಿಗಳಲ್ಲಿ 55 ಮಂದಿಗೆ ಹಾಸಿಗೆಯ ವಿಶ್ರಾಂತಿಯೊಡನೆ ಔಷಧಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲನೆಯ ಗುಂಪಿನಲ್ಲಿ ತೀರಿಕೊಂಡವರು 4 ಮಂದಿ, ಎರಡನೆಯದರಲ್ಲಿ 14. ಈ ವರದಿ 1948ರಲ್ಲಿ ಪ್ರಕಟವಾಯಿತು.

ಅದೇ ಪದ್ಧತಿ ಬೇಗನೆ ನಮ್ಮ ದಕ್ಷಿಣ ದೇಶಕ್ಕೂ ಬಂದಿತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರವು ಬಡ ರೋಗಿಗಳನ್ನು ಇದೇ ರೀತಿ ಎರಡು ಗುಂಪು ಮಾಡಿ, ಮನೆಯಲ್ಲಿದ್ದೇ ಔಷಧಿ ಸೇವಿಸಿದವರೂ ಸ್ಯಾನಟೋರಿಯಮ್ಮಿನ ವಿಶ್ರಾಂತಿ, ಆಹಾರಗಳನ್ನು ಪಡೆದವರೂ ಹೆಚ್ಚುಕಡಿಮೆ ಸಮನಾಗಿ ಗುಣ ಹೊಂದುವರೆಂದು 1959ರಲ್ಲಿ ತೋರಿಸಿತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾದುದೂ ಅದೇ ವರ್ಷ. ಹಾಸಿಗೆಗಳಿಲ್ಲದ ದೇಶವೊಂದು ಹಾಸಿಗೆಗಳಿಲ್ಲದೆಯೂ ಕ್ಷಯವನ್ನು ಎದುರಿಸಬಹುದೆಂಬ ಧೈರ್ಯವನ್ನು ಪಡೆದುದು ಇಂಥ ಪ್ರಯೋಗದಿಂದ. ಸರಿಯಾಗಿ ಕೇಳಿದ ಪ್ರಶ್ನೆ ಎಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ.

ಆದರೆ ಪ್ರಯೋಗಗಳು ಹೆಚ್ಚಿದಂತೆ ಮತ್ತೊಂದು ದೋಷ ಕಾಣಿಸಿಕೊಂಡಿತು. ಅನುಕೂಲವಾದ ಫಲ ಬಂದರೆ ಪತ್ರಿಕೆಯಲ್ಲಿ ಪ್ರಕಟಣೆ. ಪ್ರತಿಕೂಲವಾದರೆ ಬೀರುವಿನಲ್ಲಿ ಬೀಗ. 2004ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್, ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಎಂಬ ಔಷಧಿಯ ವಿಷಯದಲ್ಲಿ, ಮಕ್ಕಳ ಮೇಲೆ ನಡೆದ ಪ್ರತಿಕೂಲ ಪ್ರಯೋಗಗಳನ್ನು ಮರೆಮಾಚಿದ ಆರೋಪದ ಮೇಲೆ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಕಂಪೆನಿಯನ್ನು ನ್ಯಾಯಾಲಯಕ್ಕೆಳೆದನು. ಮೊಕದ್ದಮೆ ರಾಜಿಯಲ್ಲಿ ಮುಗಿದು, ಪ್ರಯೋಗಗಳ ಫಲಿತಾಂಶಗಳನ್ನು ಬಹಿರಂಗಪಡಿಸಲು ಕಂಪೆನಿ ಒಪ್ಪಿತು. ಅದೇ ವರ್ಷ ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೂಡಿ ಒಂದು ಕಟ್ಟಳೆಯನ್ನು ಸಾರಿದರು: ಮೊದಲನೆಯ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗವನ್ನು ಸಾರ್ವಜನಿಕ ರಿಜಿಸ್ಟರಿನಲ್ಲಿ ನಮೂದಿಸದಿದ್ದರೆ ಅದರ ವರದಿಯನ್ನು ತಾವು ಅಚ್ಚು ಹಾಕುವುದಿಲ್ಲ. 2005ರ ಜುಲೈನಿಂದ ಅದು ಜಾರಿಗೆ ಬಂದಿತು.

ನಮ್ಮ ದೇಶದ ರಿಜಿಸ್ಟರು 2007ರ ಜುಲೈಯಲ್ಲಿ ದೆಹಲಿಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಣಾಧಿಕಾರಿಗಳು ನೋಂದಣಿಯನ್ನು ಕಡ್ಡಾಯ ಮಾಡಿದರು. 2018ರ ಏಪ್ರಿಲ್ 1ರಿಂದ, ಪ್ರಯೋಗ ಮುಗಿಸಿಬಂದು ಹೆಸರು ಬರೆಸುವ ಅವಕಾಶವನ್ನೂ ಮುಚ್ಚಿ, ರೋಗಿಗಳನ್ನು ಸೇರಿಸಿಕೊಳ್ಳುವ ಮೊದಲೇ ಬರೆಸಬೇಕೆಂದು ವಿಧಿಸಲಾಯಿತು. ಪರೀಕ್ಷಿಸುವ ಮದ್ದು, ಅದರ ಪ್ರಮಾಣ, ಅದನ್ನು ಯಾವುದರೊಡನೆ ಹೋಲಿಸುವುದು, ರೋಗಿಗಳ ಸಂಖ್ಯೆ, ಗುಂಪು ಮಾಡುವ ವಿಧಾನ, ಕೊನೆಯಲ್ಲಿ ಯಾವುದನ್ನು ಅಳೆಯುವುದು, ನೀತಿ ಸಮಿತಿಯ ಒಪ್ಪಿಗೆ, ಇವೆಲ್ಲ ಅಲ್ಲಿ ದಾಖಲಾಗುತ್ತವೆ. ಬಾಣ ಬಿಡುವ ಮುನ್ನ ಗುರಿಯನ್ನು ಹತ್ತು ಜನರ ಎದುರಿಗೆ ಹೇಳುವುದೇ ಇದರ ತಾತ್ಪರ್ಯ. ಬಾಣ ನಾಟಿದ ಕಡೆಗೆ ಗುರಿಯನ್ನು ಸರಿಸುವ ಆಶೆಯನ್ನು ಅದು ತಡೆಯುತ್ತದೆ.

ಪ್ರಶ್ನೆಗಳ ಪ್ರವಾಹ

2020ರ ಬೇಸಗೆಯಲ್ಲಿ ಈ ರಿಜಿಸ್ಟರುಗಳು ಕೆರೆ ಒಡೆದಂತೆ ತುಂಬಿಹರಿದವು. ಆ ಪ್ರವಾಹದ ದಿಕ್ಕನ್ನು ಬಹುಮಟ್ಟಿಗೆ ನಿರ್ಣಯಿಸಿದುದು ಒಂದು ಚಿಕ್ಕ ವರದಿ. ಫ್ರಾನ್ಸಿನ ಮಾರ್ಸೇಲ್ ನಗರದಿಂದ ಮಾರ್ಚ್ 20ರಂದು ಹೊರಬಿದ್ದ ಆ ವರದಿಯು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾದ ಔಷಧಿಯಿಂದ ಮೂಗುಗಂಟಲಿನ ವೈರಾಣು ಬೇಗ ಮರೆಯಾಗುವುದೆಂದು ಹೇಳಿತು. ಔಷಧಿ ಪಡೆದವರು 26 ಮಂದಿ. ಅವರಲ್ಲಿ ಲೆಕ್ಕಕ್ಕೆ ಹಿಡಿದುದು 20 ಮಂದಿಯನ್ನು. ಬಿಟ್ಟುಹೋದ ಆರು ಮಂದಿಯಲ್ಲಿ ಮೂವರು ತೀವ್ರ ನಿಗಾ ಘಟಕಕ್ಕೆ ಸಾಗಿಸಲ್ಪಟ್ಟವರು, ಒಬ್ಬರು ತೀರಿಹೋದವರು. ಹೋಲಿಕೆಗೆ ಇಟ್ಟುಕೊಂಡ 16 ಮಂದಿಯನ್ನು ಚೀಟಿಯೆತ್ತಿ ಆರಿಸಿರಲಿಲ್ಲ. ಆ ಪತ್ರಿಕೆಯೇ 2024ರ ಡಿಸೆಂಬರಿನಲ್ಲಿ ಈ ವರದಿಯನ್ನು ಹಿಂತೆಗೆದುಕೊಂಡಿತು. ಆದರೆ 2020ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷರು ಆ ಔಷಧಿಯನ್ನು ಹೊಗಳಿದರು. ಆ ತಿಂಗಳ 28ರಂದು ಅಲ್ಲಿನ ಔಷಧ ಆಡಳಿತವು ತುರ್ತು ಬಳಕೆಗೆ ಅನುಮತಿ ಕೊಟ್ಟಿತು. ನಮ್ಮಲ್ಲಿ ಅದೇ ತಿಂಗಳು ಆರೋಗ್ಯ ಕಾರ್ಯಕರ್ತರು ಮುಂಜಾಗ್ರತೆಗಾಗಿ ಅದನ್ನು ಸೇವಿಸಬಹುದೆಂಬ ಸಲಹೆ ಬಂದಿತು.

ರಿಜಿಸ್ಟರುಗಳಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುವಂತಿದೆ. ಅಮೆರಿಕದ ‘ಸ್ಟ್ಯಾಟ್’ ಎಂಬ ವೈದ್ಯಕೀಯ ಸುದ್ದಿಸಂಸ್ಥೆಯು 2020ರ ಜುಲೈಯಲ್ಲಿ ಸುಮಾರು 1,200 ನೋಂದಿತ ಪ್ರಯೋಗಗಳನ್ನು ಪರಿಶೀಲಿಸಿದಾಗ, ಪ್ರತಿ ಆರರಲ್ಲಿ ಒಂದು ಮಲೇರಿಯಾದ ಈ ಔಷಧಿಗಳಿಗೇ ಮೀಸಲಾಗಿತ್ತು. ನೂರಕ್ಕೆ 39 ಪ್ರಯೋಗಗಳು ನೂರು ರೋಗಿಗಳನ್ನೂ ಸೇರಿಸಿಕೊಳ್ಳುವ ಉದ್ದೇಶವುಳ್ಳವಾಗಿರಲಿಲ್ಲ. ಅಮೆರಿಕದ ಔಷಧ ಆಡಳಿತದ ಅಧಿಕಾರಿಗಳು 2021ರ ಆರಂಭದಲ್ಲಿ ಪ್ರಕಟಿಸಿದ ಪರಿಶೀಲನೆ ಇನ್ನೂ ಕಠೋರವಾಗಿದೆ. ಒಂದೊಂದು ಪ್ರಯೋಗದೊಳಗಿನ ಬೇರೆ ಬೇರೆ ಚಿಕಿತ್ಸೆಗಳನ್ನು ಬೇರೆ ಬೇರೆ ಶಾಖೆಗಳೆಂದು ಎಣಿಸಿದ ಅವರಿಗೆ 2,895 ಶಾಖೆಗಳು ಸಿಕ್ಕಿದವು. ಅವುಗಳಲ್ಲಿ ಚೀಟಿಯೆತ್ತುವ ಕ್ರಮವನ್ನು ಅನುಸರಿಸಿ, ಸಾಕಷ್ಟು ರೋಗಿಗಳನ್ನೂ ಹೊಂದುವಂತೆ ಯೋಜಿತವಾದವು ನೂರಕ್ಕೆ ಸುಮಾರು ಐದು.

ಸಣ್ಣ ಪ್ರಯೋಗದಿಂದ ಕೇಡೇನು ಎಂದು ವಾಚಕರು ಕೇಳಬಹುದು. ಹನಿಗೂಡಿದರೆ ಹಳ್ಳವಲ್ಲವೆ? ಇದಕ್ಕೆ ಸಮಾಧಾನವು ಸರಳವಾದ ಗಣಿತದಲ್ಲಿದೆ. ಆಸ್ಪತ್ರೆ ಸೇರಿದ ರೋಗಿಗಳಲ್ಲಿ ನೂರಕ್ಕೆ 25 ಮಂದಿ ಸಾಯುತ್ತಾರೆಂದಿಟ್ಟುಕೊಳ್ಳಿ. ಒಳ್ಳೆಯ ಔಷಧಿಯೊಂದು ಆ ಸಂಖ್ಯೆಯನ್ನು 22ಕ್ಕೆ ಇಳಿಸುತ್ತದೆ. ದೇಶದ ದೃಷ್ಟಿಯಿಂದ ಇದು ಲಕ್ಷ ರೋಗಿಗಳಲ್ಲಿ ಮೂರು ಸಾವಿರ ಜೀವಗಳ ಉಳಿತಾಯ. ಆದರೆ ಐವತ್ತೈವತ್ತು ಮಂದಿಯ ಎರಡು ಗುಂಪು ಮಾಡಿದ ವೈದ್ಯನಿಗೆ ಒಂದು ಗುಂಪಿನಲ್ಲಿ ಹನ್ನೆರಡೋ ಹದಿಮೂರೋ ಸಾವು, ಮತ್ತೊಂದರಲ್ಲಿ ಹನ್ನೊಂದು ಸಾವು ಕಾಣಬಹುದು. ನಾಣ್ಯವನ್ನು ಹಾರಿಸಿದರೂ ಇಷ್ಟು ವ್ಯತ್ಯಾಸ ಬರುತ್ತದೆ. ದೈವವಶಾತ್ ಸಂಖ್ಯೆಗಳು ಹಿಂದುಮುಂದಾದರೆ ಒಳ್ಳೆಯ ಮದ್ದು ವಿಷವೆನಿಸಿಕೊಳ್ಳುತ್ತದೆ, ಕೆಲಸಕ್ಕೆ ಬಾರದ ಮದ್ದು ಸಂಜೀವಿನಿಯೆನಿಸಿಕೊಳ್ಳುತ್ತದೆ. ಹನಿಗಳೆಲ್ಲ ಒಂದೇ ಪಾತ್ರೆಗೆ ಬಿದ್ದರೆ ಹಳ್ಳವಾದೀತು. ಇಲ್ಲಿಯಾದರೋ ಒಂದೊಂದು ಆಸ್ಪತ್ರೆ ಒಂದೊಂದು ಪ್ರಮಾಣದಲ್ಲಿ, ರೋಗದ ಒಂದೊಂದು ಹಂತದಲ್ಲಿ ಮದ್ದು ಕೊಟ್ಟು, ಒಬ್ಬರು ಜ್ವರದ ದಿನಗಳನ್ನೂ ಒಬ್ಬರು ವೈರಾಣುವನ್ನೂ ಮತ್ತೊಬ್ಬರು ಸಾವನ್ನೂ ಎಣಿಸಿದುದರಿಂದ ಹನಿಗಳು ಬಿದ್ದಲ್ಲಿಯೇ ಇಂಗಿಹೋದವು.

ಕೂಡಿ ಕೇಳಿದ ಪ್ರಶ್ನೆ

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಬ್ರಿಟನ್ನಿನ ‘ರಿಕವರಿ’ ಪ್ರಯೋಗ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ, ಮಾರ್ಟಿನ್ ಲ್ಯಾಂಡ್ರೆ ಇವರ ನೇತೃತ್ವದಲ್ಲಿ, ಯೋಜನೆಯ ಕರಡು ಸಿದ್ಧವಾದ ಒಂಬತ್ತು ದಿನಗಳಲ್ಲಿ, 2020ರ ಮಾರ್ಚ್ 19ರಂದು ಮೊದಲನೆಯ ರೋಗಿಯನ್ನು ಅದು ಸೇರಿಸಿಕೊಂಡಿತು. ಅದರ ಬಲವೆಲ್ಲ ಸರಳತೆಯಲ್ಲಿತ್ತು. ದಣಿದ ವೈದ್ಯನೂ ದಾದಿಯೂ ತುಂಬಬಹುದಾದ ಚಿಕ್ಕ ನಮೂನೆಗಳು. ಚೀಟಿಯೆತ್ತುವ ಕೆಲಸವನ್ನು ಕ್ಷಣದಲ್ಲಿ ಮಾಡುವ ಗಣಕಯಂತ್ರ. ಕೊನೆಗೆ ಕೇಳುವ ಮುಖ್ಯ ಪ್ರಶ್ನೆ ಒಂದೇ: 28 ದಿನಗಳಾದ ಮೇಲೆ ರೋಗಿ ಬದುಕಿದ್ದಾನೆಯೆ? ದೊಡ್ಡ ಆಸ್ಪತ್ರೆ, ಸಣ್ಣ ಆಸ್ಪತ್ರೆಯೆಂಬ ಭೇದವಿಲ್ಲದೆ ನೂರೆಪ್ಪತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳಿದವು.

ಜೂನ್ 5ರಂದು ಮೊದಲ ಉತ್ತರ ಬಂದಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದ 1,561 ಮಂದಿಯಲ್ಲಿ ನೂರಕ್ಕೆ 27 ಮಂದಿ, ಪಡೆಯದ 3,155 ಮಂದಿಯಲ್ಲಿ ನೂರಕ್ಕೆ 25 ಮಂದಿ ತೀರಿಕೊಂಡಿದ್ದರು. ಔಷಧಿಯಿಂದ ಉಪಯೋಗವಿಲ್ಲವೆಂಬುದು ಸ್ಥಿರಪಟ್ಟಿತು. ಹನ್ನೊಂದು ದಿನಗಳ ತರುವಾಯ ಜೂನ್ 16ರಂದು ಬಂದ ಉತ್ತರ ಇನ್ನೂ ಮಹತ್ತ್ವದ್ದು. ಡೆಕ್ಸಾಮೆಥಸೋನ್ ಎಂಬುದು 1950ರ ದಶಕದ ಕೊನೆಯಿಂದ ಬಳಕೆಯಲ್ಲಿರುವ, ಹಳ್ಳಿಯ ಔಷಧದಂಗಡಿಯಲ್ಲೂ ಅಗ್ಗವಾಗಿ ದೊರೆಯುವ ಸ್ಟಿರಾಯ್ಡ್. ಅದನ್ನು ಕೋವಿಡ್ ರೋಗಿಗೆ ಕೊಡುವುದು ಹಿತವೋ ಅಹಿತವೋ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿರಲಿಲ್ಲ. ಪ್ರಯೋಗದಲ್ಲಿ ಅದನ್ನು ಪಡೆದವರು 2,104 ಮಂದಿ, ಪಡೆಯದವರು 4,321 ಮಂದಿ. ವೆಂಟಿಲೇಟರಿನ ಆಶ್ರಯದಲ್ಲಿದ್ದವರಲ್ಲಿ ಸಾವಿನ ಪ್ರಮಾಣವು ನೂರಕ್ಕೆ 41.4ರಿಂದ 29.3ಕ್ಕೆ ಇಳಿಯಿತು; ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕದ ಅಗತ್ಯವೇ ಇಲ್ಲದವರಲ್ಲಾದರೋ ಔಷಧಿ ಪಡೆದವರ ಸಾವು 17.8, ಪಡೆಯದವರದು 14. ಅಂದರೆ ಅಲ್ಲಿ ಪ್ರಯೋಜನವಿಲ್ಲ, ಅಪಾಯದ ಶಂಕೆಯಿದೆ.

ಈ ಮೂರು ಸಾಲುಗಳ ಬೆಲೆಯನ್ನು ನಮ್ಮ ದೇಶವು 2021ರ ಎರಡನೆಯ ಅಲೆಯಲ್ಲಿ ಕಹಿಯಾಗಿ ಅರಿತುಕೊಂಡಿತು. ಮದ್ದು ಒಳ್ಳೆಯದೆಂಬ ಅರ್ಧ ಮಾತು ಮಾತ್ರ ಕಿವಿಗೆ ಬಿದ್ದು, ಜ್ವರ ಬಂದ ದಿನವೇ ಮನೆಯಲ್ಲಿ ಸ್ಟಿರಾಯ್ಡ್ ನುಂಗಿದವರು ಅನೇಕರು. ಆ ವರ್ಷ ಮಧುಮೇಹಿಗಳನ್ನು ವಿಶೇಷವಾಗಿ ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಸ್ಟಿರಾಯ್ಡಿನ ಅವಿವೇಕದ ಬಳಕೆಯೂ ಒಂದು ಕಾರಣವೆಂದು ತಜ್ಞರು ಎಚ್ಚರಿಸಿದರು. ಯಾರಿಗೆ ಕೊಡಬೇಕು ಎಂಬುದರಷ್ಟೇ ಯಾರಿಗೆ ಕೊಡಬಾರದು ಎಂಬುದನ್ನೂ ದೊಡ್ಡ ಪ್ರಯೋಗವು ಹೇಳಿತ್ತು. ನೂರು ಮಂದಿಯ ಪ್ರಯೋಗವು ಈ ವಿವೇಕವನ್ನು ಎಂದಿಗೂ ಕೊಡಲಾರದು.

ಎಪ್ಪತ್ತು ಸಾವಿರ, ನಾನೂರ ಅರವತ್ತನಾಲ್ಕು

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಸತ್ಯ ದೊರೆಯುವುದೆಂದೂ ತಿಳಿಯಬಾರದು. ಪ್ಲಾಸ್ಮಾ ಚಿಕಿತ್ಸೆಯ ಕಥೆ ಇದಕ್ಕೆ ಸಾಕ್ಷಿ. ಗುಣವಾದವರ ರಕ್ತದಲ್ಲಿ ಪ್ರತಿಕಾಯಗಳಿರುತ್ತವೆ. ಅದರ ಪ್ಲಾಸ್ಮಾವನ್ನು ರೋಗಿಗೆ ಕೊಟ್ಟರೆ ಅನುಕೂಲವಾಗಬೇಕೆಂಬ ತರ್ಕ ಮೇಲುನೋಟಕ್ಕೆ ನಿರ್ದುಷ್ಟವಾದುದು. ಅಮೆರಿಕದಲ್ಲಿ 2020ರ ಆಗಸ್ಟ್ ತಿಂಗಳ ವೇಳೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ವಿಶೇಷ ಯೋಜನೆಯೊಂದರ ಮೂಲಕ ಪ್ಲಾಸ್ಮಾ ಕೊಡಲಾಗಿತ್ತು. ಆದರೆ ಹೋಲಿಸಿ ನೋಡಲು, ಚೀಟಿಯ ಪ್ರಕಾರ ಪ್ಲಾಸ್ಮಾ ಪಡೆಯದ ಗುಂಪೊಂದನ್ನು ಇಟ್ಟಿರಲಿಲ್ಲ. ಆ ತಿಂಗಳ 23ರಂದು ಔಷಧ ಆಡಳಿತದ ಮುಖ್ಯಸ್ಥರು ನೂರು ರೋಗಿಗಳಲ್ಲಿ 35 ಮಂದಿ ಇದರಿಂದ ಉಳಿಯುತ್ತಿದ್ದರೆಂಬರ್ಥದ ಮಾತನ್ನಾಡಿ, ಮರುದಿನವೇ ಆ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಎಪ್ಪತ್ತು ಸಾವಿರ ಜನರ ರಕ್ತನಾಳಕ್ಕೆ ಮದ್ದು ಹರಿಸಿದ ಮೇಲೂ ಅದು ಮದ್ದೇ ಅಲ್ಲವೇ ಎಂಬುದು ತಿಳಿಯಲಿಲ್ಲ.

ಅದೇ ಪ್ರಶ್ನೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಮ್ಮ ರಿಜಿಸ್ಟರಿನಲ್ಲಿ ಏಪ್ರಿಲ್ ತಿಂಗಳಲ್ಲಿ ನಮೂದಿಸಿ, ದೇಶದ 39 ಆಸ್ಪತ್ರೆಗಳಲ್ಲಿ ಏಪ್ರಿಲ್ 22ರಿಂದ ಜುಲೈ 14ರ ವರೆಗೆ 464 ರೋಗಿಗಳನ್ನು ಸೇರಿಸಿಕೊಂಡು ಕೇಳಿತು. ರೋಗ ಉಲ್ಬಣಿಸಿದವರು ಇಲ್ಲವೆ ತೀರಿಕೊಂಡವರು, ಪ್ಲಾಸ್ಮಾ ಪಡೆದ 235 ಮಂದಿಯಲ್ಲಿ 44. ಪಡೆಯದ 229 ಮಂದಿಯಲ್ಲಿ 41. ಪ್ರಯೋಜನ ಕಾಣಲಿಲ್ಲ. ಅಕ್ಟೋಬರಿನಲ್ಲಿ ಬ್ರಿಟನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮುಂದೆ ರಿಕವರಿ ಪ್ರಯೋಗವು ಹನ್ನೊಂದೂವರೆ ಸಾವಿರ ರೋಗಿಗಳಲ್ಲಿ ಇದನ್ನೇ ಕೇಳಿದಾಗಲೂ ಎರಡೂ ಗುಂಪುಗಳಲ್ಲಿ ಸಾವು ನೂರಕ್ಕೆ 24 ಆಗಿತ್ತು. ಬಡ ದೇಶದ ಚಿಕ್ಕ ಪ್ರಯೋಗವೊಂದು ಶ್ರೀಮಂತ ದೇಶದ ಬೃಹತ್ ಉದ್ಯಮಕ್ಕಿಂತ ಮೊದಲೇ ಸರಿಯಾದ ದಾರಿಯನ್ನು ತೋರಿತೆಂಬುದು ನಾವು ಅಭಿಮಾನಪಡಬೇಕಾದ ಸಂಗತಿ.

ಆದರೆ ಆ ಅಭಿಮಾನ ಅರ್ಧಕ್ಕೇ ನಿಲ್ಲುತ್ತದೆ. 2020ರ ಜುಲೈಯಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಮಾ ದಾನಿಗಳಿಗೆ 5,000 ರೂಪಾಯಿಗಳ ಪ್ರೋತ್ಸಾಹಧನವನ್ನು ಸಾರಿತ್ತು; ಆಗ ಉತ್ತರ ಇನ್ನೂ ಬಂದಿರಲಿಲ್ಲವಾದ್ದರಿಂದ ಅದು ಆಕ್ಷೇಪಾರ್ಹವಲ್ಲ. ಉತ್ತರ ಬಂದ ಮೇಲೆಯೂ ರಾಷ್ಟ್ರೀಯ ಚಿಕಿತ್ಸಾಸೂತ್ರದಿಂದ ಪ್ಲಾಸ್ಮಾವನ್ನು ಕೈಬಿಟ್ಟುದು 2021ರ ಮೇ 17ರಂದು. ನಡುವಣ ಏಳು ತಿಂಗಳಲ್ಲಿ, ಅದರಲ್ಲೂ ಎರಡನೆಯ ಅಲೆಯ ಏಪ್ರಿಲ್ ತಿಂಗಳಲ್ಲಿ, ತಂದೆಗಾಗಿ, ಗಂಡನಿಗಾಗಿ ಪ್ಲಾಸ್ಮಾ ಹುಡುಕುತ್ತ ಊರೂರು ಅಲೆದವರಿಗೆ ನಮ್ಮ ಪ್ರಯೋಗದ ಉತ್ತರ ತಲುಪಿರಲಿಲ್ಲ. ರೆಮ್‌ಡೆಸಿವಿರ್ ಚುಚ್ಚುಮದ್ದಿನ ಕಥೆಯೂ ಇದಕ್ಕೆ ದೂರವಲ್ಲ. ಭಾರತವೂ ಸೇರಿದಂತೆ 30 ದೇಶಗಳ 405 ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ‘ಸಾಲಿಡಾರಿಟಿ’ ಪ್ರಯೋಗವು 2020ರ ಅಕ್ಟೋಬರಿನಲ್ಲೇ ಹೇಳಿತ್ತು: ಅದನ್ನು ಪಡೆದ 2,743 ಮಂದಿಯಲ್ಲಿ ಸಾವು 301, ಪಡೆಯದ 2,708 ಮಂದಿಯಲ್ಲಿ 303. 2022ರ ಅಂತಿಮ ಲೆಕ್ಕದಲ್ಲಿ ಕಂಡುದು ಅತ್ಯಲ್ಪ ಅಂತರ, ನೂರಕ್ಕೆ 14.5 ಮತ್ತು 15.6. ಇಂಥ ಔಷಧಿಗಾಗಿ 2021ರಲ್ಲಿ ನಮ್ಮ ನಗರಗಳಲ್ಲಿ ಕಾಳಸಂತೆ ನಡೆಯಿತು.

ರಿಜಿಸ್ಟರಿನ ಮಿತಿ

ರಿಜಿಸ್ಟರಿನಲ್ಲಿ ಹೆಸರಿದೆಯೆಂಬುದೇ ಯೋಗ್ಯತಾಪತ್ರವೆಂದು ತಿಳಿಯುವ ಪ್ರಮಾದವೂ ಈ ಅವಧಿಯಲ್ಲಿ ನಡೆಯಿತು. 2020ರ ಜೂನ್ 23ರಂದು ಹರಿದ್ವಾರದಲ್ಲಿ ಪತಂಜಲಿ ಸಂಸ್ಥೆಯು ‘ಕೊರೊನಿಲ್’ ಎಂಬ ಮದ್ದನ್ನು ಕೋವಿಡ್ ಗುಣಮಾಡುವುದೆಂದು ಸಾರಿ, ಜೈಪುರದಲ್ಲಿ ನಡೆದ ನೋಂದಿತ ಪ್ರಯೋಗವೊಂದನ್ನು ಆಧಾರವಾಗಿ ತೋರಿಸಿತು. ಆ ಪ್ರಯೋಗದ ರೋಗಿಗಳು ನೂರರ ಆಸುಪಾಸಿನವರು. ಲಕ್ಷಣಗಳಿಲ್ಲದವರಿಂದ ಹಿಡಿದು ಮಧ್ಯಮ ರೋಗವುಳ್ಳವರ ವರೆಗಿನವರು. ಅಂಥವರಲ್ಲಿ ಬಹುಪಾಲು ಮಂದಿ ಮದ್ದಿಲ್ಲದೆಯೂ ಗುಣ ಹೊಂದುತ್ತಾರೆ. ಆಯುಷ್ ಸಚಿವಾಲಯವು ಅದೇ ದಿನ ಜಾಹೀರಾತನ್ನು ನಿಲ್ಲಿಸುವಂತೆಯೂ ವಿವರಗಳನ್ನು ಒಪ್ಪಿಸುವಂತೆಯೂ ಕೇಳಿತು. ನೋಂದಣಿಯೆಂದರೆ ಪ್ರಶ್ನೆ ಕೇಳಿದ್ದೇನೆಂಬ ಹೇಳಿಕೆ. ಉತ್ತರಕ್ಕೆ ಅದು ಮುದ್ರೆಯೊತ್ತುವುದಿಲ್ಲ. ಶಾಲೆಗೆ ಹೆಸರು ಹಚ್ಚಿಸಿದವನು ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಯಾರೂ ಹೇಳುವುದಿಲ್ಲವಷ್ಟೆ.

ಆದರೂ ಎಚ್ಚರದ ಓದುಗನಿಗೆ ಮುಂಚಿತವಾಗಿ ಬರೆದಿಟ್ಟ ವಿವರಗಳು ದೊಡ್ಡ ಆಯುಧ. ಐವರ್ಮೆಕ್ಟಿನ್ ಎಂಬ ಜಂತುನಾಶಕದ ವಿಷಯದಲ್ಲಿ ಈಜಿಪ್ಟಿನಿಂದ 2020ರ ನವೆಂಬರಿನಲ್ಲಿ ಬಂದ ವರದಿಯು ಅದ್ಭುತ ಗುಣವನ್ನು ಹೇಳಿತ್ತು. ಲಂಡನ್ನಿನ ವಿದ್ಯಾರ್ಥಿಯೊಬ್ಬನು ಅದರ ಮೂಲ ಅಂಕಿಗಳನ್ನು ಪರಿಶೀಲಿಸುತ್ತ, ಪ್ರಯೋಗದಲ್ಲಿ ತೀರಿಕೊಂಡರೆನ್ನಲಾದವರಲ್ಲಿ ಕೆಲವರು ಪ್ರಯೋಗ ಆರಂಭವಾಯಿತೆಂದು ಹೇಳಿದ ದಿನಕ್ಕೆ ಮೊದಲೇ ತೀರಿಕೊಂಡಿದ್ದರೆಂಬುದನ್ನು ಎತ್ತಿ ತೋರಿಸಿದನು. 2021ರ ಜುಲೈಯಲ್ಲಿ ಆ ವರದಿಯನ್ನು ಹಿಂತೆಗೆಯಲಾಯಿತು. 2022ರ ಮಾರ್ಚಿನಲ್ಲಿ ಬ್ರೆಜಿಲಿನ ಪ್ರಯೋಗವೊಂದು 1,358 ರೋಗಿಗಳನ್ನು ಸಮಭಾಗ ಮಾಡಿ ನೋಡಿದಾಗ, ರೋಗ ಉಲ್ಬಣಿಸಿ ಆಸ್ಪತ್ರೆಯ ನಿಗಾ ಬೇಕಾದವರು ಔಷಧಿಯ ಗುಂಪಿನಲ್ಲಿ 100, ಹುಸಿಮಾತ್ರೆಯ ಗುಂಪಿನಲ್ಲಿ 111. ಇದು ಆಕಸ್ಮಿಕದ ಎಲ್ಲೆಯೊಳಗಿನ ಅಂತರ. ರೆಮ್‌ಡೆಸಿವಿರ್ ಕುರಿತ ಅಮೆರಿಕದ ಸರ್ಕಾರಿ ಪ್ರಯೋಗವು ನಡುದಾರಿಯಲ್ಲಿ ತನ್ನ ಮುಖ್ಯ ಅಳತೆಯನ್ನು ಬದಲಿಸಿದುದೂ ರಿಜಿಸ್ಟರಿನಿಂದಲೇ ಲೋಕಕ್ಕೆ ತಿಳಿಯಿತು. ರೋಗವು ನಿರೀಕ್ಷೆಗಿಂತ ದೀರ್ಘವೆಂದು ಕಂಡುದರಿಂದ, ಫಲವನ್ನು ನೋಡದೆಯೇ ಬದಲಿಸಿದೆವೆಂದು ಸಂಶೋಧಕರು ಕಾರಣ ಕೊಟ್ಟರು. ಕಾರಣ ಒಪ್ಪತಕ್ಕದ್ದೇ, ಕಾರಣ ಕೊಡಬೇಕಾಗಿ ಬಂದುದು ಕಿರ್ದಿಯಲ್ಲಿ ಹಳೆಯ ಬರೆಹ ಅಳಿಯದೆ ಉಳಿದಿದ್ದುದರಿಂದ.

ಮೌನವಾದವರ ಲೆಕ್ಕ

ಇನ್ನು ಫಲವನ್ನೇ ಹೇಳದೆ ಮೌನವಾದ ಪ್ರಯೋಗಗಳು. ಇವುಗಳಿಗೆಲ್ಲ ದುರುದ್ದೇಶವನ್ನು ಆರೋಪಿಸಲಾಗದು. ವೂಹಾನ್ ನಗರದಲ್ಲಿ 453 ರೋಗಿಗಳನ್ನು ಸೇರಿಸಲು ಹೊರಟ ರೆಮ್‌ಡೆಸಿವಿರ್ ಪ್ರಯೋಗವು, ಅಲ್ಲಿ ರೋಗವೇ ಇಳಿದುಹೋದುದರಿಂದ 237ಕ್ಕೆ ನಿಂತಿತು. ಆದರೂ ಅದು ಇದ್ದಷ್ಟನ್ನು ಪ್ರಕಟಿಸಿ ಕರ್ತವ್ಯ ಮುಗಿಸಿತು. ಎಷ್ಟೋ ಪ್ರಯೋಗಗಳು ಅಷ್ಟನ್ನೂ ಮಾಡಲಿಲ್ಲ. ಇಂಥವುಗಳ ಜಾಡನ್ನು ರಿಜಿಸ್ಟರಿನಿಂದಲೇ ಹಿಡಿದು, ಸಂಶೋಧಕರಿಗೆ ಪತ್ರ ಬರೆದು, ಅವರ ಅಂಕಿಗಳನ್ನು ಕೇಳಿ ಪಡೆದ ಒಂದು ಅಂತರರಾಷ್ಟ್ರೀಯ ಬಳಗವು 2021ರ ಏಪ್ರಿಲಿನಲ್ಲಿ ತನ್ನ ಒಟ್ಟು ಲೆಕ್ಕವನ್ನು ಪ್ರಕಟಿಸಿತು. ಮಲೇರಿಯಾದ ಔಷಧಿಗಳ ಮೇಲಿನ 28 ಪ್ರಯೋಗಗಳು, 10,319 ರೋಗಿಗಳು. ಆ 28ರಲ್ಲಿ 14 ಪ್ರಯೋಗಗಳು ಎಲ್ಲಿಯೂ ಪ್ರಕಟವಾಗಿರಲಿಲ್ಲ. ಎಲ್ಲವನ್ನೂ ಕೂಡಿಸಿದಾಗ ಹೈಡ್ರಾಕ್ಸಿಕ್ಲೋರೋಕ್ವಿನ್ ಪಡೆದವರಲ್ಲಿ ಸಾವು ತುಸು ಹೆಚ್ಚೇ ಇತ್ತು. ಒಂಟಿಯಾಗಿ ಏನನ್ನೂ ಹೇಳಲಾರದೆ ಹೋಗಿದ್ದ ಪ್ರಯೋಗಗಳು ಕೂಡಿ ನಿಂತಾಗ ಮಾತಾಡಿದವು. ರಿಜಿಸ್ಟರಿಲ್ಲದಿದ್ದರೆ ಅವುಗಳ ವಿಳಾಸವೂ ಸಿಕ್ಕುತ್ತಿರಲಿಲ್ಲ.

ಕರುಣೆಯ ವಾದ

ಇಷ್ಟನ್ನೂ ಕೇಳಿದ ಮೇಲೆ ಅನುಭವಿ ವೈದ್ಯನೊಬ್ಬನು ಹೀಗೆ ಆಕ್ಷೇಪಿಸಬಹುದು: ನನ್ನೆದುರಿಗೆ ಉಸಿರಿಗಾಗಿ ಬಾಯಿ ತೆರೆದ ಮನುಷ್ಯನಿದ್ದಾನೆ, ಬಾಗಿಲಾಚೆ ಅವನ ಹೆಂಡತಿ ಕೈಮುಗಿದು ನಿಂತಿದ್ದಾಳೆ, ಇವನಿಗೆ ಮದ್ದು ಕೊಡಲೋ ಬೇಡವೋ ಎಂದು ಚೀಟಿಯೆತ್ತುವುದು ನಿಷ್ಕರುಣೆಯಲ್ಲವೆ? ಈ ವಾದವನ್ನು ಲಘುವಾಗಿ ಎಣಿಸಲಾಗದು. ಮದ್ದು ಹಿತವೆಂದು ನಿಶ್ಚಯವಾಗಿ ತಿಳಿದಿದ್ದರೆ ಚೀಟಿಯೆತ್ತುವುದು ಅಪರಾಧವೇ ಸರಿ. ಆದರೆ ತಿಳಿಯದಿರುವಾಗ ಎಲ್ಲರಿಗೂ ಕೊಡುವುದು ಎಲ್ಲರ ಮೇಲೂ ಪ್ರಯೋಗ ಮಾಡಿದಂತೆ; ವ್ಯತ್ಯಾಸವಿಷ್ಟೇ, ಈ ಪ್ರಯೋಗಕ್ಕೆ ಲೆಕ್ಕವಿಲ್ಲ, ಕೊನೆಯಿಲ್ಲ, ಅದರಿಂದ ಮುಂದಿನ ರೋಗಿಗೆ ಸಿಕ್ಕುವ ಪಾಠವೂ ಇಲ್ಲ. ಮಲೇರಿಯಾದ ಮಾತ್ರೆಯನ್ನು ಕರುಣೆಯಿಂದಲೇ ಕೊಟ್ಟರು, ಪ್ಲಾಸ್ಮಾವನ್ನೂ ಕರುಣೆಯಿಂದಲೇ ಕೊಟ್ಟರು. ಡೆಕ್ಸಾಮೆಥಸೋನನ್ನು ಎಷ್ಟೋ ಮಂದಿ ವೈದ್ಯರು ಕರುಣೆಯಿಂದಲೇ ಕೊಡದೆ ಬಿಟ್ಟಿದ್ದರು. ಕರುಣೆಗೆ ಕಣ್ಣು ಬೇಕು; ಆ ಕಣ್ಣನ್ನು ಕೊಟ್ಟುದು ಲಕೋಟೆಯೊಳಗಿನ ಚೀಟಿ.

ಮುಂದಿನ ಮಹಾಮಾರಿ ಯಾವಾಗ ಬರುವುದೆಂದು ಹೇಳಲು ಜ್ಯೋತಿಷ್ಯವೂ ವಿಜ್ಞಾನವೂ ಸಮರ್ಥವಲ್ಲ. ಬರುವ ಮೊದಲು ಮಾಡಬಹುದಾದುವು ಕೆಲವಿವೆ. ನಮ್ಮ ಕಲಬುರಗಿ, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳ ವೈದ್ಯಕೀಯ ಕಾಲೇಜುಗಳೂ ಜಿಲ್ಲಾ ಆಸ್ಪತ್ರೆಗಳೂ ಒಂದೇ ಪ್ರಶ್ನೆಯನ್ನು ಒಂದೇ ನಮೂನೆಯಲ್ಲಿ ಕೇಳಬಲ್ಲ ಏರ್ಪಾಡನ್ನು ರೋಗವಿಲ್ಲದ ದಿನಗಳಲ್ಲೇ ಕಟ್ಟಿಡಬಹುದು. ನೀತಿ ಸಮಿತಿಗಳು, ಈ ಪ್ರಯೋಗದಿಂದ ರೋಗಿಗೆ ಅಪಾಯವುಂಟೆ ಎಂದು ಕೇಳುವುದರೊಡನೆ, ಇಷ್ಟು ರೋಗಿಗಳಿಂದ ಉತ್ತರ ಬಂದೀತೆ ಎಂದೂ ಕೇಳಬಹುದು. ಉತ್ತರ ಬರುವ ಸಂಭವವಿಲ್ಲದ ಪ್ರಯೋಗಕ್ಕೆ ರೋಗಿಯನ್ನು ಒಡ್ಡುವುದೂ ಒಂದು ಬಗೆಯ ಅನ್ಯಾಯವೇ. ಬರೆಸಿದ ಪ್ರತಿಯೊಂದು ಪ್ರಯೋಗದ ಫಲವೂ, ಅದು ಅರ್ಧಕ್ಕೆ ನಿಂತುದಾದರೂ, ಆ ರಿಜಿಸ್ಟರಿನ ಪುಟದಲ್ಲೇ ಕಾಣುವಂತೆ ಕಟ್ಟುನಿಟ್ಟು ಮಾಡಬಹುದು. ಶಾಲಾ ಕಾಲೇಜುಗಳ ಉಪಾಧ್ಯಾಯರು ಗಣಿತದ ತರಗತಿಯಲ್ಲಿ ಇಂಥ ಒಂದು ಪುಟವನ್ನು ತೆರೆದು, ಎಷ್ಟು ಮಂದಿ, ಯಾವುದರೊಡನೆ ಹೋಲಿಕೆ, ಏನನ್ನು ಎಣಿಸಿದರು ಎಂಬ ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಿದರೆ, ಮುಂದೆ ಔಷಧದ ಜಾಹೀರಾತನ್ನು ಓದುವ ಒಂದು ತಲೆಮಾರು ಅಷ್ಟು ಸುಲಭವಾಗಿ ಮೋಸಹೋಗಲಾರದು.

ಪ್ರಯೋಗಕ್ಕೆ ಸೇರುವ ಮುನ್ನ ರೋಗಿಯು ಒಪ್ಪಿಗೆಪತ್ರವೊಂದಕ್ಕೆ ರುಜು ಹಾಕುತ್ತಾನೆ. ಶಕ್ತಿ ಇಲ್ಲದವನ ಪರವಾಗಿ ಮಗನೋ ಮಗಳೋ ಹಾಕುತ್ತಾರೆ. ಇದರಿಂದ ನಿನಗೆ ಪ್ರಯೋಜನವಾಗದೆ ಇರಬಹುದು, ಮುಂದಿನವರಿಗೆ ಆಗಬಹುದು ಎಂಬ ಮಾತನ್ನು ಓದಿ ಹೇಳಿದ ಮೇಲೆಯೂ ಅವರು ರುಜು ಹಾಕಿದರು. ಅದು ಗುರುತಿಲ್ಲದ ಮನುಷ್ಯನೊಬ್ಬನಿಗೆ ಅವರು ಕೊಟ್ಟ ಸಾಲ. ಅದನ್ನು ಬರೆದಿಟ್ಟ ಕಿರ್ದಿ ನಮ್ಮ ಮುಂದಿದೆ. ಕೆಲವು ಪುಟಗಳಲ್ಲಿ ಸಾಲ ಬಡ್ಡಿಸಹಿತ ತೀರಿದೆ. ಬಹಳಷ್ಟು ಪುಟಗಳಲ್ಲಿ ಬಾಕಿ ಹಾಗೆಯೇ ನಿಂತಿದೆ. ಆ ಬಾಕಿಯನ್ನು ವಸೂಲು ಮಾಡಲು ರುಜು ಹಾಕಿದವರಲ್ಲಿ ಅನೇಕರು ಈಗ ಇಲ್ಲ.